ಗರ್ಭಸ್ಥ ಶಿಶುವಿನ ಬಂಧು – ಡಾ. ಇಯಾನ್ ಡೊನಾಲ್ಡ್

ಕಳೆದ ವರ್ಷ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿದಾಗ ಮಾಡಿಸಿದ ಸ್ಕ್ಯಾನಿಂಗಿನಲ್ಲಿ, ಮಾಸು ಗರ್ಭಕೋಶದ ಬಾಯಿಯನ್ನೇ ಮುಚ್ಚಿಕೊಂಡಿರುವುದು ಕಂಡುಬಂದಿತು. ನೋವು ಬರುವವರೆಗೆ ಕಾದಿದ್ದರೆ ರಕ್ತಸ್ರಾವದಿಂದ ತಾಯಿ, ಮಗು ಇಬ್ಬರಿಗೂ ಅಪಾಯವಿತ್ತು. ಮೊದಲೇ ತಿಳಿದುದರಿಂದ ಶಸ್ತ್ರಕ್ರಿಯೆ ನಡೆದು ಇಬ್ಬರೂ ಉಳಿದರು. ಈ ಮುನ್ನರಿವು ನಮಗೆ ಯಾರಿಂದ ಲಭಿಸಿತೆಂದು ಹುಡುಕಹೊರಟಾಗ ನನಗೆ ಪರಿಚಯವಾದ ಮಹನೀಯರೇ ಡಾ. ಇಯಾನ್ ಡೊನಾಲ್ಡ್.

ಇವರು 1910ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಜನಿಸಿದರು. ದಕ್ಷಿಣ ಆಫ್ರಿಕದಲ್ಲಿ ಪದವಿ ಪಡೆದು, 1937ರಲ್ಲಿ ಲಂಡನ್ನಿನಲ್ಲಿ ವೈದ್ಯರಾದರು. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯನ್ನು ಸೇರಿ, ಉರಿಯುತ್ತಿದ್ದ ವಿಮಾನದೊಳಗಿಂದ ಸೈನಿಕರನ್ನು ಹೊರತಂದು ಸರಕಾರದ ಮನ್ನಣೆಗೆ ಪಾತ್ರರಾದರು. ಮರುದನಿಯಿಂದ ನೀರಿನಡಿಯ ವಸ್ತುವನ್ನು ಪತ್ತೆಹಚ್ಚುವ ಸೋನಾರ್ ತಂತ್ರದ ಪರಿಚಯವಾದುದೂ ಆ ದಿನಗಳಲ್ಲಿಯೇ.

1954ರಲ್ಲಿ ಇವರು ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾದರು. ಸಮೀಪದ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಲೋಹದೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಕಂಡುಹಿಡಿಯುತ್ತಿದ್ದರು. 1955ರ ಜುಲೈ ತಿಂಗಳಲ್ಲಿ ಇವರು ಅಲ್ಲಿಗೆ ಹೋದಾಗ ಕಾರಿನಲ್ಲಿದ್ದುದು ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳು! ನೀರುಗಡ್ಡೆಯ ಮರುದನಿಯೇ ಬೇರೆ, ಗಟ್ಟಿಗಡ್ಡೆಯ ಮರುದನಿಯೇ ಬೇರೆ ಎಂಬುದು ಅಂದು ಸಿದ್ಧವಾಯಿತು.

ಮುಂದೆ ಎಂಜಿನಿಯರ್ ಟಾಮ್ ಬ್ರೌನ್, ವೈದ್ಯ ಜಾನ್ ಮ್ಯಾಕ್‌ವಿಕಾರ್ ಇವರೊಡಗೂಡಿ ದುಡಿದರು. ವಾಸಿಯಾಗದ ಕ್ಯಾನ್ಸರೆಂದು ಆಸೆ ಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿದ್ದುದು ಅಂಡಾಶಯದ ನೀರುಗಡ್ಡೆಯೆಂದು ಯಂತ್ರವು ತೋರಿಸಿತು. ಅದನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇವರ ಲೇಖನ ಪ್ರಕಟವಾಯಿತು. ಅನಂತರ ಗರ್ಭಸ್ಥ ಶಿಶುವಿನ ತಲೆಯನ್ನು ಅಳೆದು ಬೆಳವಣಿಗೆಯನ್ನು ತಿಳಿಯುವ, ಮಾಸಿನ ನೆಲೆಯನ್ನು ಗುರುತಿಸುವ ಕ್ರಮಗಳು ಗ್ಲಾಸ್ಗೊದಲ್ಲಿ ಬೆಳೆದುವು. ಹೆರಿಗೆಯ ಸಂಕಟವನ್ನು ಮುಂಗಾಣುವ ದಾರಿ ಹೀಗೆ ತೆರೆಯಿತು.

ಆದರೆ ಯಂತ್ರ ಸರ್ವಜ್ಞನಲ್ಲ. ತುಂಬು ತಿಂಗಳಲ್ಲಿ ಅದು ಹೇಳುವ ಮಗುವಿನ ತೂಕ ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆಯಾಗುವುದುಂಟು. ಅರ್ಥಮಾಡಿಕೊಳ್ಳುವ ವೈದ್ಯನ ವಿವೇಕವೇ ಮುಖ್ಯ. ಯಂತ್ರಕ್ಕೆ ಧರ್ಮಾಧರ್ಮಗಳೂ ತಿಳಿಯವು. ಜೀವ ಉಳಿಸಲೆಂದು ಹುಟ್ಟಿದ ಈ ಬೆಳಕಿನಲ್ಲಿ ಹೆಣ್ಣುಭ್ರೂಣವನ್ನು ಹುಡುಕಿ ಅಳಿಸಿದವರು ನಮ್ಮ ದೇಶದಲ್ಲಿಯೇ ಇದ್ದರು. ಅದನ್ನು ತಡೆಯಲು 1994ರಲ್ಲಿ ಕಾಯಿದೆಯೇ ಬೇಕಾಯಿತು.

ಹೃದಯರೋಗದಿಂದ ಹಲವು ಬಾರಿ ಶಸ್ತ್ರಕ್ರಿಯೆಗೆ ಒಳಗಾದರೂ ಎದೆಗುಂದದ ಡೊನಾಲ್ಡ್ 1987ರಲ್ಲಿ ಕಾಲವಾದರು. ಅವರ ಹೆಸರನ್ನು ನಮ್ಮ ಮನೆಯ ಹಿರಿಯರಾರೂ ಕೇಳಿದವರಲ್ಲ. ಅಕ್ಕನ ಮಗಳು ಈಗ ಅಂಗಳದಲ್ಲಿ ಅಂಬೆಗಾಲಿಡುತ್ತಾಳೆ. ಅವಳನ್ನು ಎತ್ತಿಕೊಂಡಾಗಲೆಲ್ಲ ಆ ದೂರದ ವೈದ್ಯರಿಗೆ ನನ್ನ ಮನಸ್ಸು ತಾನಾಗಿ ನಮಿಸುತ್ತದೆ.