ಡೆಮೊದಲ್ಲಿ ಸೋತ ಹಲ್ಲಿನ ಡಾಕ್ಟರ್

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿ ಇರೋರಿಗೆ ಬುದ್ಧಿ ಹಲ್ಲು ಕಾಟ ಕೊಡೋದು ಸಾಮಾನ್ಯವಾಗಿ ಈ ವಯಸ್ಸಿನಲ್ಲೇ. ದವಡೆಯಲ್ಲಿ ಜಾಗ ಸಾಲದೆ ಹಲ್ಲು ವಸಡಿನೊಳಗೇ ಅಡ್ಡ ಮಲಗಿಬಿಡುತ್ತೆ. ರಜಕ್ಕೆ ಊರಿಗೆ ಹೋದಾಗ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಕೀಳಿಸಿಕೊಂಡು, ಸಂಜೆಗೆ ಮನೆ ಸೇರಬಹುದು. ಇದು ಇಷ್ಟು ಸಲೀಸಾದದ್ದಕ್ಕೆ ಅಮೆರಿಕದ ಹೊರೇಸ್ ವೆಲ್ಸ್‌ನನ್ನು ನೆನೆಯಬೇಕು.

ವೆಲ್ಸ್ ಹುಟ್ಟಿದ್ದು 1815ರಲ್ಲಿ. ಹಾರ್ಟ್‌ಫರ್ಡ್ ಊರಿನಲ್ಲಿ ಹಲ್ಲಿನ ಡಾಕ್ಟರ್. ಆಗ ಹಲ್ಲು ಕೀಳೋದು ಅಂದ್ರೆ ರೋಗಿಯನ್ನು ಗಟ್ಟಿಯಾಗಿ ಹಿಡಿದು ಎಳೆಯೋದು, ಅಷ್ಟೇ. 1844ರ ಡಿಸೆಂಬರ್ 10ರಂದು ಕೋಲ್ಟನ್ ಎಂಬಾತ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲದ ಪ್ರದರ್ಶನ ಇಟ್ಟಿದ್ದ. ಅನಿಲ ಎಳೆದುಕೊಂಡ ಒಬ್ಬ ಕುಣಿದಾಡಿ ಕಾಲಿಗೆ ಗಾಯ ಮಾಡಿಕೊಂಡರೂ ಅವನಿಗೆ ಗೊತ್ತೇ ಆಗಲಿಲ್ಲ. ಎಲ್ಲರೂ ನಕ್ಕರು; ವೆಲ್ಸ್ ಯೋಚನೆಗೆ ಬಿದ್ದ. ಮರುದಿನವೇ ಅನಿಲ ಸೇವಿಸಿ, ಜೊತೆಯ ವೈದ್ಯ ರಿಗ್ಸ್‌ನ ಕೈಲಿ ತನ್ನದೇ ಹಲ್ಲು ಕೀಳಿಸಿಕೊಂಡ. ಅದೂ ಬುದ್ಧಿ ಹಲ್ಲೇ!

ನೋವು ತಪ್ಪಿದ್ದು ಒಂದು ಲಾಭ. ಅದಕ್ಕಿಂತ ದೊಡ್ಡದು, ಡಾಕ್ಟರ ಕೈಗೆ ಸಮಯ ಸಿಕ್ಕಿದ್ದು. ಅಡ್ಡ ಮಲಗಿದ ಹಲ್ಲು ಎಳೆದರೆ ಬರೋದಲ್ಲ. ಈಗ ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ದವಡೆ ಮರಗಟ್ಟಿಸಿ, ವಸಡು ಕೊಯ್ದು ಬಿಡಿಸುತ್ತಾರೆ. ಸಲೈನ್ ನೀರು ಬಿಡುತ್ತಾ ಸುತ್ತಲಿನ ಮೂಳೆಯನ್ನು ಡ್ರಿಲ್‌ನಿಂದ ಸ್ವಲ್ಪ ಸವೆಸುತ್ತಾರೆ (ನೀರಿಲ್ಲದಿದ್ರೆ ಮೂಳೆ ಬಿಸಿಗೆ ಕೆಡುತ್ತೆ, ನಮ್ಮ ವರ್ಕ್‌ಶಾಪಿನ ಕೂಲೆಂಟ್ ಲೆಕ್ಕವೇ). ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕುತ್ತಾರೆ. ಆಮೇಲೆ ಆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಔಷಧಿ. ಅದು ಕಿತ್ತುಬಂದರೆ ಮೂಳೆ ಬರಿದಾಗಿ ಮೂರನೇ ದಿನದ ಹೊತ್ತಿಗೆ ಜೀವ ಹೋಗುವಂಥ ನೋವು. ಅದಕ್ಕೇ ಜೋರಾಗಿ ಉಗಿಯಬಾರದು, ಸಿಗರೇಟು ಮುಟ್ಟಬಾರದು. ಮನೆಯಲ್ಲಿ ಎಳನೀರು ಕೊಟ್ಟರೆ ಲೋಟಕ್ಕೆ ಬಗ್ಗಿಸಿಕೊಂಡು ಕುಡೀರಿ, ಸ್ಟ್ರಾ ಬೇಡ. ಅಡಿಕೆಯ ನಾಡಿನವರಾದರೂ ಗಾಯ ಮಾಯೋವರೆಗೆ ಅಡಿಕೆ ಬೇಡ. ಮೊದಲ ದಿನ ಕೆನ್ನೆಗೆ ಐಸ್, ಮರುದಿನದಿಂದ ಉಗುರುಬೆಚ್ಚನೆ ಉಪ್ಪುನೀರು. ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯುತ್ತೆ.

ವೆಲ್ಸ್‌ಗೆ ಮಾತ್ರ ಒಳ್ಳೇದಾಗಲಿಲ್ಲ. 1845ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ವೈದ್ಯ ವಿದ್ಯಾರ್ಥಿಗಳ ಮುಂದೆ ಡೆಮೊ ಕೊಟ್ಟ. ಅನಿಲದ ಚೀಲ ಬೇಗ ತೆಗೆದದ್ದರಿಂದ ರೋಗಿ ನರಳಿದ. ಹೆಚ್ಚು ನೋವಾಗಲಿಲ್ಲ ಎಂದು ಆ ರೋಗಿಯೇ ಆಮೇಲೆ ಹೇಳಿದರೂ ಕೇಳೋರು ಯಾರು? ಮೋಸಗಾರ ಎಂದು ಕೂಗಿ ಓಡಿಸಿದರು. ಎಕ್ಸ್‌ಟರ್ನಲ್ ಬಂದಾಗಲೇ ಪ್ರಾಜೆಕ್ಟ್ ಕೈಕೊಟ್ಟವರಿಗೆ ಆ ಸಂಕಟ ಗೊತ್ತಿರುತ್ತೆ.

ಮುಂದಿನ ವರ್ಷ ಅದೇ ಬಾಸ್ಟನ್‌ನಲ್ಲಿ ಅವನ ಶಿಷ್ಯನಾಗಿದ್ದ ಮಾರ್ಟನ್ ಈಥರ್ ಬಳಸಿ ಗೆದ್ದ, ಪೇಟೆಂಟನ್ನೂ ಪಡೆದ. ವೆಲ್ಸ್ ತನ್ನ ವಿಧಾನಕ್ಕೆ ಪೇಟೆಂಟ್ ಮಾಡಿಸಿರಲಿಲ್ಲ. ನನ್ನ ಕಣ್ಣಿಗೆ ಇವರಿಬ್ಬರಲ್ಲಿ ದೊಡ್ಡವನು ವೆಲ್ಸೇ.

ಆಮೇಲೆ ಕ್ಲೋರೊಫಾರ್ಮನ್ನು ತನ್ನ ಮೇಲೇ ಪರೀಕ್ಷಿಸುತ್ತಾ ಅದರ ಚಟಕ್ಕೆ ಬಿದ್ದ. ಬುದ್ಧಿ ಸ್ಥಿಮಿತ ತಪ್ಪಿ ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರ ಮೇಲೆ ಆಸಿಡ್ ಎರಚಿ ಬಂಧಿತನಾದ. 1848ರ ಜನವರಿ 24ರಂದು ಜೈಲಿನಲ್ಲೇ ಪ್ರಾಣ ಕಳೆದುಕೊಂಡ. ವಯಸ್ಸು 33. ಅರಿವಳಿಕೆಯನ್ನು ಕಂಡುಹಿಡಿದವನು ಇವನೇ ಎಂದು ಅಮೆರಿಕದ ದಂತವೈದ್ಯರ ಸಂಘ ಒಪ್ಪಿಕೊಂಡದ್ದು 1864ರಲ್ಲಿ. ಹಾರ್ಟ್‌ಫರ್ಡ್‌ನ ಬುಶ್ನೆಲ್ ಪಾರ್ಕಿನಲ್ಲಿ ಈಗ ಅವನ ಪ್ರತಿಮೆ ಇದೆ.