ಗ್ರಂಥಿಗಳ ನಂಟು ಅರಸಿದ ಕೂನೂರಿನ ವೈದ್ಯ ಮೆಕ್‌ಕ್ಯಾರಿಸನ್

ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಬೆಟ್ಟ ಏರಿದರೆ ಊಟಿಯ ಆಚೆ ಸಿಗುವ ಊರು ಕೂನೂರು. ಭಾರತದ ಪೌಷ್ಟಿಕತಾ ಸಂಶೋಧನೆಗೆ ಅಡಿಪಾಯ ಬಿದ್ದದ್ದು ಅಲ್ಲಿನ ಪಾಸ್ಚರ್ ಸಂಸ್ಥೆಯ ಒಂದೇ ಕೊಠಡಿಯಲ್ಲಿ, 1918ರಲ್ಲಿ. ಅದನ್ನು ಹಾಕಿದವರು ಸರ್ ರಾಬರ್ಟ್ ಮೆಕ್‌ಕ್ಯಾರಿಸನ್. ತಿನ್ನುವ ಆಹಾರ, ಕುಡಿಯುವ ನೀರು ದೇಹದ ಒಳಗ್ರಂಥಿಗಳನ್ನು ಹೇಗೆ ರೂಪಿಸುತ್ತವೆ ಎಂಬುದೇ ಅವರ ಜೀವಮಾನದ ಪ್ರಶ್ನೆಯಾಗಿತ್ತು.

ಐರ್ಲೆಂಡಿನ ಪೋರ್ಟಡೌನ್‌ನಲ್ಲಿ 1878ರಲ್ಲಿ ಜನಿಸಿದ ಅವರು ಬೆಲ್‌ಫಾಸ್ಟ್‌ನಲ್ಲಿ ವೈದ್ಯಶಿಕ್ಷಣ ಪಡೆದು, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. ವಾಯವ್ಯ ಗಡಿಯ ಗಿಲ್ಗಿಟ್ ಕಣಿವೆಯಲ್ಲಿ ಕುತ್ತಿಗೆ ಊದಿದ ಗಳಗಂಡ ರೋಗಿಗಳು ಹಳ್ಳಿಹಳ್ಳಿಯಲ್ಲೂ ಇದ್ದರು. ಗಳಗಂಡವಿದ್ದ ತಾಯಂದಿರಿಗೆ ಬೆಳವಣಿಗೆ ಕುಂಠಿತಗೊಂಡ, ಬುದ್ಧಿಮಾಂದ್ಯ ಮಕ್ಕಳು ಹುಟ್ಟುತ್ತಿದ್ದುದೂ ಅವರ ಕಣ್ಣಿಗೆ ಬಿತ್ತು. ಕಾರಣ ಹುಡುಕಲು ಆ ಹಳ್ಳಿಗಳ ನೀರಿನ ಕೆಸರನ್ನು ತಾವೇ ಕುಡಿದು ಥೈರಾಯ್ಡ್ ಊತ ತರಿಸಿಕೊಂಡರು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಹುಟ್ಟುವ ಮರಿಗಳಲ್ಲೂ ಗಳಗಂಡ ಕಾಣುವಂತೆ ಮಾಡಿ ತೋರಿಸಿದರು. ರೋಗಕ್ಕೆ ಕಲುಷಿತ ನೀರೇ ಮೂಲವೆಂಬ ಅವರ ನಂಬಿಕೆ ಪೂರ್ತಿ ನಿಲ್ಲಲಿಲ್ಲ. ಮುಖ್ಯ ಕಾರಣ ಅಯೋಡಿನ್ ಕೊರತೆ ಎಂಬುದು ಮುಂದೆ ಸ್ಥಿರಪಟ್ಟಿತು. ಆದರೆ ತಾಯಿಯ ಕೊರತೆ ಮರಿಯ ಗ್ರಂಥಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಅವರ ಕಾಣ್ಕೆ ಸುಳ್ಳಾಗಲಿಲ್ಲ.

ಕೂನೂರಿನಲ್ಲಿ ಅವರ ಗಮನ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯತ್ತಲೂ ಹರಿಯಿತು. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಪಾರಿವಾಳಗಳಲ್ಲಿ ಇತರ ಹಲವು ಅಂಗಗಳು ಸೊರಗಿದರೆ, ಅಡ್ರಿನಲ್ ಮಾತ್ರ ಹಿಗ್ಗಿತ್ತು. ಈ ಶೋಧನೆಗಳು 1921ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಆದರೆ 1923ರಲ್ಲಿ ಸರ್ಕಾರ ಖರ್ಚು ಕಡಿತದ ಹೆಸರಿನಲ್ಲಿ ಸಂಶೋಧನೆಯನ್ನೇ ನಿಲ್ಲಿಸಿತು. ಎರಡು ವರ್ಷಗಳ ಬಳಿಕವಷ್ಟೇ ಅದಕ್ಕೆ ಮರುಜೀವ ಬಂತು.

ಅನಂತರದ ಪ್ರಯೋಗವೊಂದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ದೇಶದ ಏಳು ಜನವರ್ಗಗಳ ಊಟವನ್ನು ಎಳೆಯ ಇಲಿಗಳ ಏಳು ಗುಂಪುಗಳಿಗೆ ಉಣಿಸಲಾಯಿತು. ಗೋಧಿ, ಹಾಲು, ಬೇಳೆ, ತರಕಾರಿಯ ಸಿಖ್ಖರ ಊಟ ಉಂಡವು ಸರಾಸರಿ ಸುಮಾರು 235 ಗ್ರಾಂ ತೂಗಿದರೆ, ಕನ್ನಡಿಗರ ಊಟ ಉಂಡವು 185, ಮದರಾಸಿನ ಊಟ ಉಂಡವು 155 ಗ್ರಾಂ ಮಾತ್ರ ತೂಗಿದವು.

ಥೈರಾಯ್ಡ್ ಮತ್ತು ಅಡ್ರಿನಲ್ ನಡುವಿನ ನೇರ ಕೊಂಡಿಯನ್ನು ನಂತರದ ವಿಜ್ಞಾನಿಗಳು ಬಿಡಿಸಿದರು. ಥೈರಾಯ್ಡ್ ತೆಗೆದ ಇಲಿಗಳಲ್ಲಿ ಅಡ್ರಿನಲ್ ಕುಗ್ಗುತ್ತದೆ. ಥೈರಾಯ್ಡ್ ಹಾರ್ಮೋನನ್ನು ಹೆಚ್ಚಾಗಿ ಕೊಟ್ಟರೆ ಹಿಗ್ಗುತ್ತದೆ. ಎಳೆಯ ಸುಂಡಿಲಿಗಳ ಅಡ್ರಿನಲ್ ಹೊರಪದರದ ಒಳಅಂಚಿನ ಕೋಶಗಳು ಈ ಹಾರ್ಮೋನಿನ ಸಂಕೇತಕ್ಕೆ ಸ್ಪಂದಿಸಿ ಬೆಳೆಯುತ್ತವೆ ಎಂಬುದೂ ಈ ಶತಮಾನದ ಅಧ್ಯಯನಗಳಿಂದ ತಿಳಿದಿದೆ.

1933ರಲ್ಲಿ ಸರ್ ಪದವಿ ಪಡೆದ ಮೆಕ್‌ಕ್ಯಾರಿಸನ್ 1935ರಲ್ಲಿ ನಿವೃತ್ತರಾಗಿ, 1960ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. ಅವರ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಡುಗೆಮನೆಯ ಅಯೋಡಿನ್ ಉಪ್ಪಿನ ಹಿಂದೆಯೂ, ಕೃಷ್ಣರಾಜಪೇಟೆಯಂಥ ತಾಲ್ಲೂಕಿನ ರೈತ ಗಬ್ಬದ ಮೇಕೆಗೆ ಹಾಕುವ ಖನಿಜ ಮಿಶ್ರಣದ ಹಿಂದೆಯೂ ಇರುವುದು ಅದೇ ತಿಳಿವು: ಮರಿಯ ಆರೋಗ್ಯ ತಾಯಿಯ ಮೇವಿನಿಂದಲೇ ಆರಂಭವಾಗುತ್ತದೆ.