ಎಂ.ಎ. ಮುಗಿಸಿ ಶಿಶುವಿಹಾರಕ್ಕೆ ಬಂದ ಜಿ.ಪಿ. ರಾಜರತ್ನಂ

ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ, ಶಿಕ್ಷಕರ ಮನೆಯಲ್ಲಿ. 1931ರಲ್ಲಿ ಕನ್ನಡ ಎಂ.ಎ. ಪಡೆದ ಮೇಲೆ ಅವರು ಶಿಶುವಿಹಾರದಲ್ಲಿ ಮತ್ತು ತಂದೆಯವರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಪಠ್ಯಪುಸ್ತಕದ ಶಿಶುಗೀತೆಗಳು ಅವರಿಗೆ ಹಿಡಿಸಲಿಲ್ಲ. ಮಕ್ಕಳ ನಾಲಿಗೆಗೆ ಒಗ್ಗುವ ಸಣ್ಣ ಮಾತು, ಕುಣಿಸುವ ಲಯ, ಕಣ್ಣಿಗೆ ಕಟ್ಟುವ ಚಿತ್ರ ಇಟ್ಟುಕೊಂಡು ತಾವೇ ಬರೆದರು. ಹಾಗೆ ಬಂದದ್ದು ‘ತುತ್ತೂರಿ’. ನಮ್ಮ ಪಾಠಯೋಜನೆಯ ಭಾಷೆಯಲ್ಲಿ ಹೇಳುವುದಾದರೆ, ಕಲಿಕೋಪಕರಣ ತರಗತಿಯಲ್ಲೇ ತಯಾರಾಯಿತು.

ಆ ಕೆಲಸದಲ್ಲಿ ಅವರು ಉಳಿಯಲಿಲ್ಲ. ಮುಂದೆ ಕನ್ನಡ ಅಧ್ಯಾಪಕರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಬರವಣಿಗೆಗೆ ಹಚ್ಚಿದರು. ‘ರತ್ನನ ಪದಗಳು’ ಹೆಸರು ತಂದಿತು. 1978ರಲ್ಲಿ ದೆಹಲಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1979ರಲ್ಲಿ ತೀರಿಕೊಂಡರು. ಮಕ್ಕಳಿಗಾಗಿ ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಜಯನಗರ, ಬನಶಂಕರಿಯ ಪೂರ್ವ ಪ್ರಾಥಮಿಕ ತರಗತಿಗಳಲ್ಲಿ ಇಂದಿಗೂ ಅವರ ಹಾಡು ಕೇಳುತ್ತದೆ. ಹಾಡಿಸುವವರು ಬಹುತೇಕ ಶಿಕ್ಷಕಿಯರೇ. ಬಿ.ಎಸ್‌ಸಿ., ಬಿ.ಇಡಿ. ಓದಿದ ಗಂಡಸಿಗೆ ಅಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಆ ತರಗತಿಗೆ ಹೋಗುವ ಯೋಚನೆ ನನಗಿದೆ, ಅದಕ್ಕೆ ಬಿ.ಇಡಿ. ಸಾಲದು, ಪೂರ್ವ ಪ್ರಾಥಮಿಕ ತರಬೇತಿಯೂ ಬೇಕು. ರಾಜರತ್ನಂ ಅವರ ಎಂ.ಎ. ಆ ಕೋಣೆಗೆ ಹೆಚ್ಚಾಗಲಿಲ್ಲ. ಮಕ್ಕಳಿಗೆ ಒಗ್ಗದ ಪದ್ಯವನ್ನು ಗುರುತಿಸಿ ಬೇರೆಯದನ್ನು ಬರೆಯಲು ಅಲ್ಲೇ ಅದು ಕೆಲಸಕ್ಕೆ ಬಂತು.